ಅಪ್‌ಡೇಟ್: 'ಚೋಮನ ದುಡಿ' ಚರ್ಚೆ ಮುಗಿಯಿತು

ಬಿ.ಎ. ತರಗತಿಯಲ್ಲಿ ಶಿವರಾಮ ಕಾರಂತರ ಕಾದಂಬರಿ 'ಚೋಮನ ದುಡಿ' ಬಗ್ಗೆ ಚರ್ಚೆ ಶುರು ಮಾಡೋದು ನನ್ನ ಪಾಲಿಗೆ ಬಂದಿದೆ, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕತೆ ಹೇಳ್ತಾ ಕೂರಬೇಡ, ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗು ಅಂದಿದ್ದಿರಲ್ಲ, ಅದೇ ಕೆಲಸಕ್ಕೆ ಬಂತು. ಅಸ್ಪೃಶ್ಯ ಅನ್ನಿಸಿಕೊಂಡ ಜಾತಿಯ ಚೋಮನ ಹತ್ತಿರ ಎತ್ತುಗಳಿವೆ, ಉಳುವ ಆಸೆಯಿದೆ, ಧಣಿ ಸಂಕಪ್ಪಯ್ಯನಿಗೂ ಒಂದಿಷ್ಟು ಕನಿಕರ ಇದೆ, ಆದರೂ ಭೂಮಿ ಯಾಕೆ ಸಿಗಲಿಲ್ಲ? ಇಷ್ಟೇ ಕೇಳಿದೆ. ಮೊದಲು ಎಲ್ಲರೂ ಸುಮ್ಮನಿದ್ದರು. ಆಮೇಲೆ ಚೋಮನ ಮಗ ನೀಲ ನೀರಲ್ಲಿ ಮುಳುಗುವ ಭಾಗ ಓದಿದೆ. ಜನ ಇದ್ದೂ ಮೈಲಿಗೆ ಅಂತ ಯಾರೂ ಎತ್ತಲ್ಲ. ಅಲ್ಲಿಂದ ಮಾತು ನಿಲ್ಲಲೇ ಇಲ್ಲ.

ಒಬ್ಬ 'ಉಳುವವನೇ ಹೊಲದೊಡೆಯ' ಕಾನೂನು ಆಗಲೇ ಬಂದಿದ್ದರೆ ಚೋಮ ಬಚಾವಾಗ್ತಿದ್ದ ಅಂದ. ಕಾದಂಬರಿ ಬಂದಿದ್ದು 1933ರಲ್ಲಿ, ಆ ಭೂಸುಧಾರಣೆ ಜಾರಿಯಾಗಿದ್ದು 1974ರಲ್ಲಿ. ಆದರೆ ಅದರಲ್ಲಿ ಮುಖ್ಯವಾಗಿ ಭೂಮಿ ಸಿಕ್ಕಿದ್ದು ಗೇಣಿದಾರರಿಗೆ, ಮತ್ತೆ ಚೋಮ ಗೇಣಿದಾರ ಕೂಡ ಅಲ್ಲ, ಸಾಲಕ್ಕೆ ಸಿಕ್ಕಿಬಿದ್ದ ಜೀತದ ಆಳು, ಹಾಗಾಗಿ ಆ ಕಾನೂನು ಬಂದಿದ್ದರೂ ಅವನ ಕೈಗೆ ನೇಗಿಲು ಬರ್ತಿತ್ತಾ ಅಂತ ನಾನು ತಿರುಗಿ ಕೇಳಿದೆ. ಅರ್ಧ ಗಂಟೆ ಅದರಲ್ಲೇ ಹೋಯಿತು!

ಇದೇ ಕಾದಂಬರಿ ಮೇಲೆ ಬಿ.ವಿ. ಕಾರಂತರು ಮಾಡಿದ 1975ರ ಸಿನಿಮಾ ತೋರಿಸು ಅಂದವರಿಗೆ: ಮೇಷ್ಟ್ರು ಚರ್ಚೆ ಆದಮೇಲೆ ನೋಡೋಣ ಅಂದರು. ಅದೇ ಸರಿ ಅನ್ನಿಸುತ್ತೆ, ಇಲ್ಲದಿದ್ದರೆ ಯಾರೂ ಪುಸ್ತಕ ಮುಟ್ಟುತ್ತಿರಲಿಲ್ಲ.

ಮುಂದಿನದು ಶಿವರಾಮ ಕಾರಂತರದೇ 'ಮರಳಿ ಮಣ್ಣಿಗೆ'. ಮೂರು ತಲೆಮಾರಿನ ಕತೆ, ದಪ್ಪ ಪುಸ್ತಕ. ಅದಕ್ಕೂ ಒಂದೇ ಪ್ರಶ್ನೆ ಸಾಕಾಗುತ್ತಾ?