ಶೀತದ ಮಾತ್ರೆ ನುಂಗಿದೆ, ಒಂದಕ್ಕೆ ಹೋಗುವುದೇ ನಿಂತಿತು

ಅಡಿಕೆಮನೆ:
ನನಗೆ 66 ವರ್ಷ, ಊರು ಶಿರಸಿ ಹತ್ತಿರ. ಅಡಿಕೆ ಸುಲಿಯುವ ಹೊತ್ತಿಗೆ ಧೂಳಿಗೆ ಸೀನು ಹಿಡಿದರೆ ಬಿಡುವುದಿಲ್ಲ. ಹೋದ ವಾರ ಪೇಟೆಯ ಮೆಡಿಕಲ್ ಶಾಪಿನಿಂದ ಶೀತದ ಮಾತ್ರೆ ತಂದು ಮಧ್ಯಾಹ್ನ ಒಂದು, ರಾತ್ರಿ ಒಂದು ನುಂಗಿದೆ. ಸೀನು ನಿಂತಿತು. ಜೊತೆಗೆ ಒಂದಕ್ಕೆ ಹೋಗುವುದೂ ನಿಂತಿತು!

ರಾತ್ರಿ ಎರಡು ಗಂಟೆಗೆ ಬಚ್ಚಲಿನಲ್ಲಿ ನಿಂತಿದ್ದೇನೆ. ನಲ್ಲಿ ಬಿಟ್ಟು ನೋಡಿದೆ, ಬಿಸಿನೀರು ಹುಯ್ದುಕೊಂಡೆ. ನಾಲ್ಕು ಹನಿ ಬಂದರೆ ಹೆಚ್ಚು. ಬೆಳಗಾಗುವಷ್ಟರಲ್ಲಿ ಕಿಬ್ಬೊಟ್ಟೆ ಕಲ್ಲಿನಂತಾಗಿತ್ತು. ಆಸ್ಪತ್ರೆಯಲ್ಲಿ ಪೈಪ್ ಹಾಕಿದಾಗ 900 ಮಿಲಿಲೀಟರ್ ಬಂತು. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿದೆ, ಅದರ ಮೇಲೆ ಈ ಮಾತ್ರೆ ಬೇರೆ ಅಂದರು ಡಾಕ್ಟರ್. ಎರಡು ವರ್ಷದಿಂದ ಧಾರೆ ಸಣ್ಣಗಾಗಿದ್ದು ನಿಜ, ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆ. ಆದರೆ ಮೂಗಿನ ಮಾತ್ರೆಗೂ ಇದಕ್ಕೂ ಏನು ಸಂಬಂಧ?

ಔಷಧಿ ಅಂಗಡಿ, ದಾವಣಗೆರೆ:
ಪಟ್ಟಿ ತಿರುಗಿಸಿ ಹಿಂದೆ ಓದಿ. ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪ್ಯಾರಸಿಟಮಾಲ್, ಫೆನೈಲೆಫ್ರಿನ್, ಕ್ಲೋರ್‌ಫೆನಿರಮೈನ್ ಇರುತ್ತವೆ. ನಿದ್ದೆ ಬರಿಸುವುದು ಕೊನೆಯದು, ಹಳೇ ಕಾಲದ ಆಂಟಿಹಿಸ್ಟಮಿನ್, ಅಂದರೆ ಅಲರ್ಜಿ ತಡೆಯುವ ಔಷಧಿ. ಮೂಗಿನ ಜೊತೆ ಬಾಯಿಯೂ ಒಣಗಿತ್ತು ಅಲ್ವಾ? ಈ ಕ್ಲೋರ್‌ಫೆನಿರಮೈನ್ ಅಸಿಟೈಲ್‌ಕೋಲಿನ್ ಅನ್ನು, ಅಂದರೆ ನರಗಳ ಸಂದೇಶ ಒಯ್ಯುವ ರಾಸಾಯನಿಕವನ್ನು, ತಡೆಯುತ್ತದೆ. ಮೂತ್ರಕೋಶ ಹಿಂಡಿಕೊಳ್ಳುವುದೂ ಅದೇ ಅಸಿಟೈಲ್‌ಕೋಲಿನ್ ಹೇಳಿದಾಗಲೇ. ಇನ್ನು ಫೆನೈಲೆಫ್ರಿನ್ ರಕ್ತನಾಳ ಬಿಗಿಮಾಡಿ ಮೂಗು ಬಿಡಿಸುತ್ತದೆ, ಹಾಗೆಯೇ ಮೂತ್ರಕೋಶದ ಕುತ್ತಿಗೆಯನ್ನೂ ಪ್ರಾಸ್ಟೇಟ್ ಸ್ನಾಯುವನ್ನೂ ಬಿಗಿಮಾಡಬಲ್ಲದು. ದೂಡುವವನು ಮಲಗಿದ, ಬಾಗಿಲಿಗೆ ಅಗಳಿಯೂ ಬಿತ್ತು!

ಹುಡುಗರಿಗೆ ಇದು ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ದಾರಿ ಮೊದಲೇ ಕಿರಿದಾಗಿರುವವರಿಗೆ ಕಷ್ಟ. ಸಂಜೆ ಗಿರಾಕಿ ಜಾಸ್ತಿ ಇರುವಾಗ ನಾವೂ ಇದನ್ನೆಲ್ಲ ಕೇಳುವುದಿಲ್ಲ, ತಪ್ಪು ನಮ್ಮದೂ ಇದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೈಫೆನ್‌ಹೈಡ್ರಮೈನ್ ಕೂಡ ಇದೇ ಜಾತಿ. ಹೊಸ ಕಾಲದ ಆಂಟಿಹಿಸ್ಟಮಿನ್‌ಗಳಾದ ಲೊರಾಟಡಿನ್, ಫೆಕ್ಸೋಫೆನಡಿನ್‌ನಲ್ಲಿ ಈ ಕಾಟ ತುಂಬಾ ಕಡಿಮೆ. ಸಿಟ್ರಿಜಿನ್‌ನಲ್ಲೂ ಕಡಿಮೆಯೇ, ಆದರೂ ನಿಮ್ಮಂಥವರು ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ.

ಮೈಸೂರು ಮಗಳು:
ಇದು ಗಂಡಸರದ್ದೇ ಸಮಸ್ಯೆ ಅಂದುಕೊಳ್ಳಬೇಡಿ. ಪದೇ ಪದೇ ಒಂದಕ್ಕೆ ಓಡುವುದು ನಿಲ್ಲಲಿ ಅಂತ ಅಮ್ಮನಿಗೆ ಸೋಲಿಫೆನಾಸಿನ್ ಕೊಟ್ಟಿದ್ದರು. ಅದೂ ಅಸಿಟೈಲ್‌ಕೋಲಿನ್ ತಡೆಯುವುದೇ ಅಂತೆ. ಅದರ ಮೇಲೆ ತುರಿಕೆಗೆ ಅಂತ ಹಳೇ ಕಾಲದ ಆಂಟಿಹಿಸ್ಟಮಿನ್ ಮಾತ್ರೆ ಕೊಟ್ಟವಳು ನಾನೇ. ಮಾರನೇ ದಿನ ಮೂತ್ರ ಸರಿಯಾಗಿ ಹೋಗಲಿಲ್ಲ, ಮಾತೂ ಅಡ್ಡಾದಿಡ್ಡಿ. ಈಗ ಅಮ್ಮನ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮುಂದೆ ಸುರಿಯುತ್ತೇನೆ.

ಅಡಿಕೆಮನೆ:
ಮೂರನೇ ದಿನ ಪೈಪ್ ತೆಗೆದರು. ಮೂತ್ರದ ದಾರಿಯ ಬಿಗಿ ಸಡಿಲಿಸಲು ರಾತ್ರಿ ಹೊತ್ತು ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ಶುರುವಾಗಿದೆ. ಸೀನಿಗೆ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ಮೂಗಿಗೆ ಹಾಕುವ ಫ್ಲುಟಿಕಾಸೋನ್ ಸ್ಪ್ರೇ. ನಿನ್ನೆ ಸುಲಿಯಲು ಬಂದ ನನ್ನ ವಯಸ್ಸಿನವನೊಬ್ಬ ಸೀನುತ್ತಾ, "ನಿಮ್ಮ ಹತ್ತಿರ ಶೀತದ ಮಾತ್ರೆ ಉಳಿದಿದ್ಯಾ?" ಅಂದ. ಧಾರೆ ಹೇಗಿದೆ ಮಾರಾಯ ಅಂತ ಕೇಳಿದೆ. ನನ್ನ ತಲೆ ಕೆಟ್ಟಿದೆ ಎನ್ನುವಂತೆ ನೋಡಿದ.