ಪ್ರಶ್ನೋತ್ತರ: ನಾಲ್ಕು ವರ್ಷದಿಂದ ಸರದಿಯಲ್ಲಿದ್ದೇನೆ, ಬೇಲಿಯೊಳಗೆ ಬರೀ ಕಳೆ

ಪ್ರಶ್ನೆ: ನಮಸ್ಕಾರ ಸರ್. ನೀವು ಇಂಗ್ಲೆಂಡಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಒಂದರಲ್ಲಿ ಬಹಳ ವರ್ಷ ಅಲಾಟ್‌ಮೆಂಟ್ ಅಧಿಕಾರಿಯಾಗಿದ್ದವರು ಎಂದು ತಿಳಿದು ಕೇಳುತ್ತಿದ್ದೇನೆ. ತರಕಾರಿ ಬೆಳೆಯಲು ಕೌನ್ಸಿಲ್ ಬಾಡಿಗೆಗೆ ಕೊಡುವ ನೆಲಕ್ಕಾಗಿ, ಅಂದರೆ ಅಲಾಟ್‌ಮೆಂಟಿಗಾಗಿ, ಹೆಸರು ಬರೆಸಿ ನಾಲ್ಕು ವರ್ಷವಾಯಿತು. ಮೊನ್ನೆ ವಿಚಾರಿಸಿದರೆ ನನ್ನ ಮುಂದೆ ಇನ್ನೂ 37 ಜನರಿದ್ದಾರೆ ಎಂದರು. ಮಗನನ್ನು ಶಾಲೆಗೆ ಬಿಡುವ ದಾರಿಯಲ್ಲೇ ಆ ಜಾಗವಿದೆ. ಬೇಲಿಯ ಸಂದಿಯಲ್ಲಿ ಇಣುಕಿದರೆ ಎದೆಯೆತ್ತರದ ಮುಳ್ಳು, ಗಾಜು ಒಡೆದ ಶೆಡ್. ಹೋದ ವರ್ಷ ಬೀನ್ಸ್ ಬಳ್ಳಿಗೆ ನೆಟ್ಟ ಬಿದಿರು ಕಡ್ಡಿಗಳು ಹಾಗೇ ನಿಂತಿವೆ, ಕೊಯ್ಯದ ಕಾಯಿಗಳು ಒಣಗಿ ಅದರಲ್ಲೇ ನೇತಾಡುತ್ತಿವೆ. ತಾನೂ ತಿನ್ನ, ಪರರಿಗೂ ಬಿಡ ಎನ್ನುವ ಇಂಥವರಿಂದ ನೆಲವನ್ನು ಏಕೆ ಹಿಂದಕ್ಕೆ ಪಡೆಯುವುದಿಲ್ಲ?

ಉತ್ತರ: ಮೇಡಂ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮೊದಲು ಆ ನೆಲದ ಅಳತೆ ನೋಡಿ. ಇಲ್ಲಿನ ಹಳೆಯ ಲೆಕ್ಕದಲ್ಲಿ ಒಂದು ಪೂರ್ತಿ ಪ್ಲಾಟ್ ಎಂದರೆ 10 ರಾಡ್, ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. 60×40ರ ಸೈಟಿಗಿಂತ ದೊಡ್ಡದು. ಒಂದು ಕುಟುಂಬಕ್ಕೆ ವರ್ಷದ ತರಕಾರಿ ಒದಗಿಸಲೆಂದು ಬಂದ ಅಳತೆ ಅದು. ವಾರಕ್ಕೆ ಐದು ದಿನ ಕಚೇರಿಗೆ ಹೋಗಿ, ಭಾನುವಾರ ಎರಡು ಗಂಟೆ ಗುದ್ದಲಿ ಹಿಡಿಯುವವರಿಂದ ಅದು ಸಾಗುವುದಿಲ್ಲ. ನಾನು ಕಂಡ ಪಾಳು ಪ್ಲಾಟ್‌ಗಳಲ್ಲಿ ಹೆಚ್ಚಿನವು ಸೋಮಾರಿಗಳವಲ್ಲ. ಏಪ್ರಿಲ್‌ನಲ್ಲಿ ಉತ್ಸಾಹದಿಂದ ಇಡೀ ನೆಲ ಅಗೆದು, ಜೂನ್ ಹೊತ್ತಿಗೆ ಕಳೆಯ ಮುಂದೆ ಕೈಚೆಲ್ಲಿದವರವು. ನಮ್ಮವರಲ್ಲಿ ಇನ್ನೊಂದು ಕಾರಣವೂ ಇದೆ. ಶಾಲೆಗೆ ಬೇಸಿಗೆ ರಜೆ ಎಂದು ಜುಲೈ ಕೊನೆಗೆ ಊರಿಗೆ ಹೊರಡುತ್ತೇವೆ, ಐದು ವಾರ ಬಿಟ್ಟು ಬರುತ್ತೇವೆ. ಇಲ್ಲಿ ಕಳೆ ಹುಚ್ಚೆದ್ದು ಬೆಳೆಯುವುದು ಆ ದಿನಗಳಲ್ಲೇ.

ಇನ್ನು ಹಿಂದಕ್ಕೆ ಪಡೆಯುವ ಮಾತು. 1908ರ ಅಲಾಟ್‌ಮೆಂಟ್ ಕಾಯ್ದೆಯ ಪ್ರಕಾರ ಬಾಡಿಗೆ 40 ದಿನ ಬಾಕಿ ಉಳಿದರೆ, ಅಥವಾ ಗೇಣಿಗೆ ಪಡೆದು ಮೂರು ತಿಂಗಳಾದ ಮೇಲೆ ನಿಯಮ ಮುರಿದರೆ, ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು. ಇಂಥ ತಪ್ಪೇನೂ ಇಲ್ಲದಿದ್ದರೆ 12 ತಿಂಗಳ ನೋಟಿಸ್ ಬೇಕು. ಅದರ ಅವಧಿಯೂ ಏಪ್ರಿಲ್ 6ರೊಳಗೆ, ಇಲ್ಲವೇ ಸೆಪ್ಟೆಂಬರ್ 29ರಂದು ಅಥವಾ ಅದರ ನಂತರ ಮುಗಿಯಬೇಕು. ಬೆಳೆ ನಿಂತಿರುವ ಕಾಲದಲ್ಲಿ ಯಾರನ್ನೂ ಎಬ್ಬಿಸಬಾರದೆಂದು ಹೀಗೆ ಮಾಡಿದ್ದಾರೆ, ಅದು ನ್ಯಾಯವೇ. ಆದರೆ ಒಂದು ತಿಂಗಳ ದಾರಿಯೂ ನಡೆಯುವಾಗ ಉದ್ದವಾಗುತ್ತದೆ. ಮೇ ತಿಂಗಳಲ್ಲಿ ತಪಾಸಣೆ, ಎಚ್ಚರಿಕೆಯ ಪತ್ರ, ಮರುತಪಾಸಣೆ. ಅಷ್ಟರಲ್ಲಿ ಅವರು ಬಂದು ಮುಂಭಾಗದ ಎರಡು ಮಾರು ಅಗೆದು ಹೋಗಿರುತ್ತಾರೆ, ಮತ್ತೆ ಮೊದಲಿನಿಂದ. ಕೊನೆಗೆ ನೆಲ ಖಾಲಿಯಾಗುವಾಗ ಅಕ್ಟೋಬರ್. ಸರದಿಯ ಮೊದಲ ಹೆಸರಿಗೆ ಪತ್ರ ಬರೆದರೆ ಅವರು ಊರು ಬಿಟ್ಟು ಎರಡು ವರ್ಷ. ಎರಡನೆಯವರು ಬಂದು, ಮುಳ್ಳು ನೋಡಿ ಬೇಡವೆನ್ನುತ್ತಾರೆ. ಮೂರನೆಯವರಿಗೆ ಬರೆಯುವಾಗ ಮಾರ್ಚ್.

ನೀವು ಮಾಡಬಹುದಾದದ್ದು ಎರಡು. ಕಾಲು ಅಥವಾ ಅರ್ಧ ಪ್ಲಾಟ್ ಆದರೂ ಸಾಕೆಂದು ಇಂದೇ ಬರೆದು ತಿಳಿಸಿ. ದೊಡ್ಡ ಪ್ಲಾಟ್‌ಗಳನ್ನು ಸೀಳಿ ಕೊಡುವ ಕೌನ್ಸಿಲ್‌ಗಳಲ್ಲಿ ಸರದಿ ಬೇಗ ಸರಿಯುತ್ತದೆ. ಎರಡನೆಯದು, ಅದೇ 1908ರ ಕಾಯ್ದೆಯ 23ನೇ ಸೆಕ್ಷನ್. ಆ ಊರಿನ ಮತದಾರರು ಅಥವಾ ಕೌನ್ಸಿಲ್ ಟ್ಯಾಕ್ಸ್ (ಮನೆಯ ಮೇಲಿನ ಸ್ಥಳೀಯ ತೆರಿಗೆ) ಕಟ್ಟುವವರು ಆರು ಜನ ಸೇರಿ ಅಲಾಟ್‌ಮೆಂಟ್ ಬೇಕೆಂದು ಲಿಖಿತವಾಗಿ ಕೇಳಿದರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಲಂಡನ್ನಿನ ಒಳಭಾಗಕ್ಕೆ ಮಾತ್ರ ಅನ್ವಯಿಸುವುದಿಲ್ಲ. ವೀಸಾದ ಮೇಲೆ ಇರುವವರೂ ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತಾರಲ್ಲ, ಅವರೂ ಸಹಿ ಹಾಕಬಹುದು. 2023ರಲ್ಲಿ ಬ್ರಿಟನ್ನಿನ ಸರದಿ ಪಟ್ಟಿಗಳಲ್ಲಿ 1,74,000ಕ್ಕೂ ಹೆಚ್ಚು ಹೆಸರುಗಳಿದ್ದವು. ಅಷ್ಟು ಜನ ಒಬ್ಬೊಬ್ಬರಾಗಿ ಕಾಯುತ್ತಾ ಕೂತರೆ ಹೊಸ ನೆಲ ತೆರೆಯುವುದಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಅಕ್ಕನವರು ಬರೆದದ್ದನ್ನು ಓದಿ ಮುಖ ಎತ್ತಲಾಗಲಿಲ್ಲ. ಬೇರೆ ಊರಿನಲ್ಲಿ ನನ್ನದೂ ಅಂಥದ್ದೇ ಒಂದು ಪ್ಲಾಟ್. ಅಮ್ಮನಿಗೆ ಹುಷಾರಿಲ್ಲವೆಂದು ಈ ವರ್ಷ ಎರಡು ಸಲ ಹಾಸನಕ್ಕೆ ಹೋಗಿ ಬಂದೆ. ಎಚ್ಚರಿಕೆಯ ಪತ್ರ ಬಂದಿದೆ, ಇನ್ನೂ ಉತ್ತರ ಬರೆದಿಲ್ಲ.

ಉತ್ತರ: ಇವತ್ತೇ ಬರೆಯಿರಿ ತಮ್ಮಾ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ನನ್ನ ಮೇಜಿಗೆ ಬಂದ ಅಂಥ ಪತ್ರಗಳಿಗೆ ಕಾಲಾವಕಾಶ ಕೊಡದೆ ಇದ್ದದ್ದು ನೆನಪಿಲ್ಲ. ಬಿಡಿಸಿದ್ದೆಲ್ಲ ಉತ್ತರವೇ ಬರೆಯದವರನ್ನು. ಅರ್ಧ ಇಟ್ಟುಕೊಂಡು ಅರ್ಧ ಬಿಟ್ಟುಕೊಡುವುದಾಗಿ ನೀವೇ ಹೇಳಿ. ಮುಂದಿನ ವರ್ಷವೂ ಆಗದು ಎನಿಸಿದರೆ ಪೂರ್ತಿ ಬಿಡಿ, ಆದರೆ ಸೆಪ್ಟೆಂಬರ್‌ನಲ್ಲೇ ಬಿಡಿ. ಬರುವವರಿಗೆ ಚಳಿಗಾಲದಲ್ಲಿ ನೆಲ ಹಸನು ಮಾಡಿಕೊಳ್ಳಲು ಸಮಯ ಸಿಗುತ್ತದೆ. ಅಮ್ಮ ಬೇಗ ಗುಣವಾಗಲಿ.

ಮೊದಲ ಸದಸ್ಯೆ: ಕ್ಷಮಿಸಿ, ನಾನು ಸಿಟ್ಟಿನಲ್ಲಿ ಬರೆದೆ, ಒಣಗಿದ ಬಳ್ಳಿಯ ಹಿಂದೆ ಇಂಥದ್ದೂ ಇರಬಹುದೆಂದು ಹೊಳೆಯಲಿಲ್ಲ. ಸರ್, ನಾಳೆ ನನಗೇ ಆ ಮುಳ್ಳಿನ ಪ್ಲಾಟ್ ಕೊಟ್ಟರೆ ಒಪ್ಪಿಕೊಳ್ಳಲೇ?

ಉತ್ತರ: ಖಂಡಿತ ಒಪ್ಪಿಕೊಳ್ಳಿ. ಆದರೆ ಟಿಲ್ಲರ್ ಮಾತ್ರ ಹೊಡೆಸಬೇಡಿ. ಅಲ್ಲಿ ಬೈಂಡ್‌ವೀಡ್ ಎಂಬ ಬಳ್ಳಿ ಇದ್ದೇ ಇರುತ್ತದೆ. ಅದರ ಬೇರು ಬೇಯಿಸಿದ ಶಾವಿಗೆಯ ಹಾಗೆ ಬೆಳ್ಳಗೆ, ಎಳೆದರೆ ಪಟಕ್ಕನೆ ತುಂಡಾಗುತ್ತದೆ, ಉಳಿದ ಒಂದೊಂದು ತುಂಡೂ ಚಿಗುರುತ್ತದೆ. ಯಂತ್ರ ಹೊಡೆದರೆ ಅದನ್ನು ಬಿತ್ತನೆ ಮಾಡಿದಂತೆ. ಮುಳ್ಳನ್ನು ಬುಡಕ್ಕೆ ಕತ್ತರಿಸಿ, ಮುಕ್ಕಾಲು ಭಾಗಕ್ಕೆ ಬೆಳಕು ತೂರದ ಕಪ್ಪು ಹಾಳೆ ಹೊದಿಸಿ ಅಂಚಿಗೆ ಇಟ್ಟಿಗೆ ಹೇರಿ. ಹಳೆಯ ಕಾರ್ಪೆಟ್ ಹಾಸಬೇಡಿ, ಎಷ್ಟೋ ಕಡೆ ಅದಕ್ಕೆ ನಿಷೇಧವಿದೆ. ಉಳಿದ ಕಾಲು ಭಾಗವನ್ನು ಫೋರ್ಕ್‌ನಿಂದ ಸಡಿಲಿಸಿ, ಮಂಡಿಯೂರಿ ಕೂತು ಬೇರು ಆರಿಸಿ. ಆರಿಸಿದ್ದನ್ನು ಗೊಬ್ಬರದ ರಾಶಿಗೆ ಹಾಕಬೇಡಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಕೊಳೆಯಿಸಿ. ಏಪ್ರಿಲ್‌ನಲ್ಲಿ ಆಲೂಗಡ್ಡೆ, ಮೇ ತಿಂಗಳಿಂದ ಮೆಂತ್ಯ. ಕೊತ್ತಂಬರಿಯನ್ನು ಒಮ್ಮೆಲೇ ಬಿತ್ತದೆ ಮೂರು ವಾರಕ್ಕೊಂದು ಸಾಲು ಬಿತ್ತಿ, ಇಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಹೂ ಬಿಡುತ್ತದೆ. ಹಾಳೆಯ ಇನ್ನೊಂದು ಮಡಿಕೆ ಬಿಚ್ಚುವುದು ಮುಂದಿನ ವರ್ಷಕ್ಕೆ. ಜುಲೈಯಲ್ಲಿ ಊರಿಗೆ ಹೊರಡುವಿರಾದರೆ ಬೀಗದ ಕೈಯನ್ನು ಪಕ್ಕದ ಪ್ಲಾಟಿನವರಿಗೆ ಕೊಟ್ಟು, ಕಾಯಿ ನೀವೇ ಕೊಯ್ದುಕೊಳ್ಳಿ ಎಂದು ಹೇಳಿ ಹೋಗಿ.