ಫೈಬರ್ ಹಾಕಿಸಿದ್ಮೇಲೆ ನೆಟ್ ಸರಿ ಇದೆ, ಟೀವಿ ಮಾತ್ರ ಚೌಕ ಚೌಕ ಆಗ್ತಿದೆ, ಯಾಕೆ?

ಅಡಿಕೆತೋಟ:
ನಮ್ಮೂರು ಸಾಗರದ ಹತ್ರ. ಹೋದ ತಿಂಗಳು ಹಳೇ ಕೇಬಲ್ ತೆಗ್ದು ಫೈಬರ್ ಎಳ್ದು ಕೊಟ್ರು, ಒಂದೇ ವೈರಲ್ಲಿ ನೆಟ್ಟೂ ಟೀವೀನೂ. ನೆಟ್ ಚೆನ್ನಾಗಿದೆ, ತಂಗಿ ಜೊತೆ ವಿಡಿಯೋ ಕಾಲ್ ಒಂದ್ಸಲಾನೂ ಕಟ್ ಆಗಿಲ್ಲ. ಆದ್ರೆ ಸಂಜೆ ಅಮ್ಮ ಧಾರಾವಾಹಿ ನೋಡೋಕೆ ಕೂತ್ರೆ ಮುಖ ಎಲ್ಲಾ ಚೌಕ ಚೌಕ ಆಗಿ ನಿಂತ್ಬಿಡತ್ತೆ, ಮಾತು ತುಂಡು ತುಂಡು. ಎಲ್ಲಾ ಚಾನೆಲ್ ಅಲ್ಲ, ಕೆಲವು ಮಾತ್ರ. ಫೋನ್ ಮಾಡಿದ್ರೆ ನೆಟ್ ಬರ್ತಿದ್ಯಲ್ಲ ಹಾಗಾದ್ರೆ ಲೈನ್ ಸರಿ ಇದೆ, ನಿಮ್ ಸೆಟ್ ಟಾಪ್ ಬಾಕ್ಸ್ ಹೋಗಿದೆ ಹೊಸದು ತಗೊಳ್ಳಿ ಅಂತಾರೆ. ದುಡ್ಡು ಹಾಕೋಕೆ ಮುಂಚೆ ಕೇಳೋಣ ಅನ್ನಿಸ್ತು. ಆಮೇಲೆ ಡೇಟಾ ಮುಗಿದ್ರೆ ಟೀವೀನೂ ನಿಲ್ಲತ್ತಾ? ಅಪ್ಪಂಗೆ ಅದೇ ಚಿಂತೆ.

ಹಳೇ_ರಿಮೋಟ್:
ಮೊದ್ಲು ಗೋಡೆ ಮೇಲಿರೋ ಫೈಬರ್ ಬಾಕ್ಸ್ ನೋಡಿ. ಸೆಟ್ ಟಾಪ್ ಬಾಕ್ಸ್‌ಗೆ ಅಲ್ಲಿಂದ ಲ್ಯಾನ್ ವೈರ್ ಹೋಗಿದ್ಯಾ, ಇಲ್ಲಾ ಹಳೇ ದಪ್ಪ ಕೇಬಲ್ ವೈರ್ ತಿರುಪು ಹಾಕಿ ಕೂರ್ಸಿದಾರಾ? ಲ್ಯಾನ್ ಆದ್ರೆ ಅದು ಐಪಿಟಿವಿ, ಟೀವಿ ಕೂಡ ನೆಟ್ ಬರೋ ಬೆಳಕಲ್ಲೇ ಬರತ್ತೆ. ಅದ್ರಲ್ಲೂ ಡೇಟಾ ಲೆಕ್ಕ ಸಾಮಾನ್ಯವಾಗಿ ಬೇರೆ ಇಟ್ಟಿರ್ತಾರೆ, 2024ರಲ್ಲಿ ಬಿಎಸ್‌ಎನ್‌ಎಲ್ ಐಎಫ್‌ಟಿವಿ ಅನ್ನೋ ಫೈಬರ್ ಟೀವಿ ಸೇವೆ ಶುರು ಮಾಡ್ದಾಗ ಟೀವಿ ನೋಡಿದ್ದು ನೆಟ್ ಪ್ಯಾಕಲ್ಲಿ ಕಳಿಯಲ್ಲ ಅಂತಾನೇ ಹೇಳಿದ್ರು. ದಪ್ಪ ವೈರ್ ಆದ್ರೆ ನಿಮ್ದು ಆರ್‌ಎಫ್, ಅಂದ್ರೆ ಹಳೇ ಕೇಬಲ್ ಟೀವಿ ಸಿಗ್ನಲ್ಲೇ ಫೈಬರಲ್ಲಿ ಬೇರೆ ಬೆಳಕಲ್ಲಿ ಬರೋದು, ಅಲ್ಲಿ ಟೀವಿಗೂ ಡೇಟಾಗೂ ಸಂಬಂಧಾನೇ ಇಲ್ಲ, ಅಪ್ಪಂಗೆ ನಿಶ್ಚಿಂತೆಯಾಗಿರಿ ಅನ್ನಿ.

ಅಡಿಕೆತೋಟ:
ದಪ್ಪ ವೈರೇ ಸಾರ್.

ಕಂಬದಮೇಲೆ:
ಹನ್ನೆರಡು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ, ಬಾಕ್ಸ್ ತಗೋಬೇಡಿ ಇರಿ. ಆ ಕೂದಲಿನಷ್ಟು ಸಣ್ಣ ಗಾಜಿನ ಎಳೇಲಿ ಮೂರು ಬೆಳಕು ಓಡ್ತವೆ. ನೆಟ್ ಕೆಳಗೆ ಬರೋದು 1490 ನ್ಯಾನೋಮೀಟರ್ ತರಂಗಾಂತರದ ಬೆಳಕಲ್ಲಿ, ನೀವು ಕಳ್ಸೋದು 1310, ಟೀವಿ 1550. ಮೂರೂ ಒಂದಕ್ಕೊಂದು ತಾಕಲ್ಲ, ಅದಕ್ಕೇ ಒಂದು ಸರಿ ಇದ್ದು ಇನ್ನೊಂದು ಕೆಡಬಹುದು, ನೆಟ್ ಬರತ್ತೆ ಅಂದ್ರೆ ಲೈನ್ ಸರಿ ಅನ್ನೋ ಮಾತೇ ತಪ್ಪು. ನೆಟ್‌ಗೆ ಬೆಳಕು ಮೈನಸ್ 27 ಡಿಬಿಎಂ (ಬೆಳಕಿನ ಬಲ ಅಳೆಯೋ ಲೆಕ್ಕ, ಮೈನಸ್ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ) ತನಕ ಕುಗ್ಗಿದ್ರೂ ನಡ್ಯತ್ತೆ, ಟೀವಿಗೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು. ಇನ್ನೊಂದು, ಫೈಬರ್ ಮಡಚಿದ್ರೆ ಮೊದ್ಲು ಸೋರಿ ಹೋಗೋದು 1550. ಒಂದೇ ಫ್ರೀಕ್ವೆನ್ಸೀಲಿ ಕೂತಿರೋ ಚಾನೆಲ್‌ಗಳು ಒಟ್ಟಿಗೆ ಕೆಡ್ತವೆ, ಅದಕ್ಕೇ ನಿಮಗೆ ಕೆಲವು ಮಾತ್ರ ಹೋಗ್ತಿರೋದು.
ಫೈಬರ್ ವೈರ್ ಮನೆ ಒಳಗೆ ಬಂದ ಜಾಗದಿಂದ ಫೈಬರ್ ಬಾಕ್ಸ್ ತನಕ ಕೈಯಾಡಿಸ್ಕೊಂಡು ಹೋಗಿ, ಕಿಟಕಿ ಸಂದೀಲಿ ಸಿಕ್ಕಿದ್ಯಾ, ಮೊಳೆ ಕ್ಲಿಪ್ ಬಿಗಿಯಾಗಿದ್ಯಾ, ಉಳಿದ ವೈರನ್ನ ಚಿಕ್ಕದಾಗಿ ಸುತ್ತಿ ಕಟ್ಟಿದಾರಾ ನೋಡಿ. ಸುತ್ತು ಊಟದ ತಟ್ಟೆಯಷ್ಟು ಅಗಲ ಇದ್ರೆ ಭಯ ಇಲ್ಲ. ಕನೆಕ್ಟರ್ ಮಾತ್ರ ಬಿಚ್ಚಬೇಡಿ, ತುದಿಯಂತೂ ಕಣ್ಣಿಟ್ಟು ನೋಡ್ಲೇಬೇಡಿ, ಆ ಬೆಳಕು ಕಣ್ಣಿಗೆ ಕಾಣಲ್ಲ ಆದ್ರೆ ಕಣ್ಣು ಹಾಳು ಮಾಡಬಹುದು. ಏನೂ ಸಿಗ್ಲಿಲ್ಲ ಅಂದ್ರೆ ಅವರನ್ನ ಮನೆಗೇ ಕರೆಸಿ, 1550 ಪವರ್ ಮೀಟರಲ್ಲಿ ಅಳೆದು ತೋರ್ಸಿ ಅಂತ ನೇರವಾಗಿ ಕೇಳಿ. ಹಸಿರು ಕನೆಕ್ಟರ್ ಇರ್ಬೇಕಾದಲ್ಲಿ ನೀಲಿ ಹಾಕಿದ್ರೂ ಬೆಳಕು ವಾಪಸ್ ಹೊಡ್ದು ಟೀವಿ ಕೆಡತ್ತೆ, ಅದನ್ನೂ ನೋಡೋಕ್ ಹೇಳಿ.

ಅಡಿಕೆತೋಟ:
ಸಿಕ್ತು ಸಾರ್! ಟೀವಿ ಸ್ಟ್ಯಾಂಡ್ ಹಿಂದೆ ಉಳಿದ ವೈರನ್ನ ಬಳೆಗಿಂತ ಚಿಕ್ಕ ಸುತ್ತು ಮಾಡಿ ಪ್ಲಾಸ್ಟಿಕ್ ಟ್ಯಾಗಲ್ಲಿ ಬಿಗಿದಿದ್ರು, ಅದ್ರ ಮೇಲೆ ಸ್ಟ್ಯಾಂಡಿನ ಕಾಲು ಬೇರೆ ಒರಗಿತ್ತು. ಟ್ಯಾಗ್ ಕತ್ತರಿಸಿ ಅಗಲಕ್ಕೆ ಬಿಟ್ಟೆ, ಅಮ್ಮನ ಚಾನೆಲ್ ಕೂಡ್ಲೇ ತಿಳಿಯಾಯ್ತು. ತುಂಬಾ ಉಪಕಾರ ಆಯ್ತು. ಇವತ್ತು ರಾತ್ರಿ ಪೂರ್ತಿ ನೋಡಿ ನಾಳೆ ಹೇಳ್ತೀನಿ.

ಕಂಬದಮೇಲೆ:
ಹೇಳಿ. ಸುತ್ತು ಬಿಚ್ಚಿದ ಜಾಗದಲ್ಲಿ ವೈರ್ ಮುರುಕಲು ಗೆರೆ ಬಿದ್ದಿದ್ರೆ ಅಷ್ಟುದ್ದ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸ್ಕೊಳ್ಳಿ.